ಗ್ರಾಫಿಕ್ಸ್ ಕಾರ್ಡಿನ ಮೇಲೆ ಚಾರ್ಜ್‌ಶೀಟು

ಜಗತ್ತಿನಲ್ಲಿ ಮೋಸ ಹೆಚ್ಚಾಗಿದೆ ಎಂದು ನಾನು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಕೂಗುತ್ತೇನೆ. ಆ ಮೋಸ ನಮ್ಮ ಮನೆಯ ಮೇಜಿನ ಮೇಲೇ ಬಂದು ಕೂತರೆ ಸುಮ್ಮನಿರಲು ಸಾಧ್ಯವೇ?

ನನ್ನ ಹೆಂಡತಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಇನ್ನೂ ಕಟ್ಟದ ಅಡುಗೆಮನೆಯೊಳಗೆ ಗಿರಾಕಿಯನ್ನು ಪರದೆಯ ಮೇಲೆ ಓಡಾಡಿಸಿ ಒಪ್ಪಿಸುವುದು ಅವಳ ಕಸುಬು. ನಮ್ಮ ಕಂಪ್ಯೂಟರಿನಲ್ಲಿ ಗಿರಾಕಿ ಒಲೆಯಿಂದ ಸಿಂಕಿಗೆ ತಲುಪುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಅದಕ್ಕೇ ಹೊಸ ಗ್ರಾಫಿಕ್ಸ್ ಕಾರ್ಡು ತಂದಳು. ಸಂಜೆ ನಾಲ್ಕಕ್ಕೆ ಡಾಕ್ಟರ್ ದಂಪತಿ ಬರುವವರಿದ್ದರು. ಅವರು ಒಪ್ಪಿದರೆ ಅದು ಅವಳಿಗೆ ಸಿಗುವ ಮೊದಲ ಇಡೀ ಮನೆಯ ಕೆಲಸ.

"ಅಂಗಡಿಯವರೇ ಬಂದು ಹಾಕ್ಕೊಡ್ತಾರಂತೆ ಕಣ್ರೀ."

"ನಾಲ್ಕು ಸ್ಕ್ರೂ ತಿರುಗಿಸೋಕೆ ಪರರ ಹಂಗು ಯಾಕೆ? ನಾನು ಓದಿ ಕಲಿತವನಲ್ಲ, ಬಿಚ್ಚಿ ಕಲಿತವನು!"

"ಗೊತ್ತು. ಮಿಕ್ಸಿ ಇನ್ನೂ ಬಿಚ್ಕೊಂಡೇ ಬಿದ್ದಿದೆ."

(ಈ ಮಾತನ್ನು ಕಡತದಿಂದ ತೆಗೆದುಹಾಕಬೇಕೆಂದು ಓದುಗರಲ್ಲಿ ವಿನಂತಿ.)

ಕಾರ್ಡನ್ನು ಕೂರಿಸಿದೆ. ಟಕ್ ಎಂದಿತು. ಗುಂಡಿ ಒತ್ತಿದೆ. ಕಂಪ್ಯೂಟರು ಎಂದಿನಂತೆ ಎದ್ದಿತು, ಆದರೆ ಕಾರ್ಡೆಲ್ಲಿ ಎಂದು ಕೇಳಿದರೆ 'ಯಾವ ಕಾರ್ಡು?' ಎಂಬಂತೆ ಮುಖ ತಿರುಗಿಸಿತು. ಬಿಚ್ಚಿದೆ, ಒರೆಸಿದೆ, ಊದಿದೆ, ಮತ್ತೆ ಕೂರಿಸಿದೆ. ಸಾಫ್ಟ್‌ವೇರು ಹಾಕಿದೆ, ತೆಗೆದೆ, ಹಾಕಿದೆ. ಊಹೂಂ! ಮದುವೆಗೆ ಮೊದಲು ನನ್ನ ಮಾವನವರು ಕೂಡ ನನ್ನನ್ನು ಇಷ್ಟು ಖಡಾಖಂಡಿತವಾಗಿ ಕಡೆಗಣಿಸಿರಲಿಲ್ಲ.

"ರೀ, ಇದೇನು ಇಲ್ಲೊಂದು ವೈರ್ ಜೋತಾಡ್ತಿದೆ?"

"ಅದು ಕಾರ್ಡಿಗೆ ಬೇರೆ ಕರೆಂಟು ಕೊಡೋ ವೈರು. ಬೇಕಂತಲೇ ಬಿಟ್ಟಿದ್ದೀನಿ. ಕೂತ ಜಾಗದಲ್ಲೇ ಕರೆಂಟು ಸಿಗುತ್ತೆ, ಮೇಲೆ ಇನ್ನೊಂದು ಲೈನು ಬೇರೆ ಕೇಡು! ವಿದ್ಯುತ್ ಪೋಲು ಮಾಡೋರಿಗೆ ಹೋದ ವಾರ ತಾನೇ ಛೀಮಾರಿ ಹಾಕಿದ್ದೀನಿ. ನನ್ನ ಮನೇಲೇ ದುಂದು ನಡೆದ್ರೆ ಆತ್ಮಸಾಕ್ಷಿ ಏನನ್ನುತ್ತೆ?"

"ಡಾಕ್ಟರ್ ನಾಲ್ಕಕ್ಕೆ ಬರ್ತಾರೆ ಅಂತ ನಿಮ್ಮ ಆತ್ಮಸಾಕ್ಷಿಗೂ ಸ್ವಲ್ಪ ಹೇಳಿ," ಎಂದು ಅವಳು ಅಂಗಡಿಗೆ ಫೋನ್ ಮಾಡಲು ಎದ್ದಳು.

ನ್ಯಾಯ ವಿಳಂಬವಾಗಬಾರದಲ್ಲ? ಅಷ್ಟರಲ್ಲಿ ನಾನು 'ಸತ್ತ ಕಾರ್ಡು ಮಾರುವ ಜೀವಂತ ಕಳ್ಳರು' ಎಂಬ ಅಂಕಣ ಬರೆದು, ಅಂಗಡಿಯ ಹೆಸರು ಸಮೇತ ಸಂಪಾದಕರಿಗೆ ರವಾನಿಸಿಬಿಟ್ಟೆ.

ಮೂರೂವರೆಗೆ ಅಂಗಡಿಯಾಕೆ ಬಂದಳು. ಕಂಪ್ಯೂಟರನ್ನು ಆರಿಸಿ, ಒಳಗೆ ಇಣುಕಿ, ಜೋತಾಡುತ್ತಿದ್ದ ವೈರನ್ನು ಕಾರ್ಡಿಗೆ ಸಿಕ್ಕಿಸಿ, ಗುಂಡಿ ಒತ್ತಿದಳು. ಕಾರ್ಡಿನ ಫ್ಯಾನುಗಳು ಗಿರ್ರನೆ ತಿರುಗಿದವು. ಪರದೆಯ ಮೇಲೆ ಕಾರ್ಡಿನ ಹೆಸರು ಠೀವಿಯಿಂದ ಮೂಡಿತು.

"ಪಾಪ, ಉಪವಾಸ ಕೆಡವಿದ್ರಲ್ಲ ಸಾರ್!"

"ಆದರ್ಶ ಇವರದ್ದು, ಉಪವಾಸ ಕಾರ್ಡಿಂದು," ಎಂದಳು ನನ್ನ ಧರ್ಮಪತ್ನಿ.

ಡಾಕ್ಟರ್ ದಂಪತಿ ಪರದೆಯ ಅಡುಗೆಮನೆಯಲ್ಲಿ ಎರಡು ಸುತ್ತು ಹೊಡೆದು, ಇಡೀ ಮನೆಯನ್ನೇ ಅವಳಿಗೆ ಒಪ್ಪಿಸಿ ಹೋದರು. 'ಮತ್ತೆ ಕೈಕೊಟ್ಟರೆ' ಎಂದು ಕಾದು ಕೂತಿದ್ದ ಅಂಗಡಿಯಾಕೆಯ ಕೈ ಹಿಡಿದು ಹೆಂಡತಿ ಕುಣಿದಳು. ನಾನು ಬಚ್ಚಲುಮನೆ ಸೇರಿ ಸಂಪಾದಕರಿಗೆ ಫೋನ್ ಹಚ್ಚಿದೆ.

"ಸಾರ್, ಅಂಕಣ ತಡೀರಿ. ಅಂಗಡಿಯವರದ್ದಲ್ಲ, ತಪ್ಪು ನಂದು."

"ತಡೀತೀನಿ. ಆದ್ರೆ ಜಾಗ ಖಾಲಿ ಬಿಡೋಕಾಗಲ್ಲ. ತಪ್ಪೊಪ್ಪಿಗೆ ಬರೆದು ಕಳ್ಸಿ. ಜೊತೆಗೆ ತಪ್ಪಿತಸ್ಥರ ಫೋಟೋ."

"ಫೋಟೋ ಯಾಕೆ ಸಾರ್?"

"ಕಡ್ಡಾಯ ಅಂತ ಹಟ ಹಿಡಿದು ನಿಯಮ ಮಾಡಿಸಿದೋರೇ ನೀವು. ಇಷ್ಟು ವರ್ಷ ಒಬ್ಬರನ್ನಾದ್ರೂ ಬಿಟ್ಟಿದ್ದೀರಾ?"

ಹೊರಬಂದು, ಪತ್ರಿಕೆಗೆ ನನ್ನದೊಂದು ಫೋಟೋ ಬೇಕಂತೆ ಎಂದೆ. ಹೆಂಡತಿ ಅತ್ಯುತ್ಸಾಹದಿಂದ ತೆಗೆದು, ಪರದೆಯ ತುಂಬ ಹರಡಿದಳು.

"ನೋಡ್ರೀ, ಹೊಸ ಕಾರ್ಡಲ್ಲಿ ಎಷ್ಟು ಸ್ಪಷ್ಟ! ಕಿವಿ ಕೆಂಪಾಗಿರೋದೂ ಕಾಣ್ತಿದೆ."

ಅಂಗಡಿಯಾಕೆ ಮೆಚ್ಚುಗೆಯಿಂದ ತಲೆದೂಗಿದಳು. "ಸಾರ್, ಇದನ್ನ ನಮ್ಮ ಅಂಗಡೀಲೂ ಹಾಕ್ಕೊಳ್ಳಾ? ಕಾರ್ಡಿನ ಸ್ಪಷ್ಟತೆ ತೋರ್ಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ."

ಇಲ್ಲವೆನ್ನಲು ಬಾಯಿ ತೆರೆದೆ. ಕಳ್ಳರು ಎಂದು ಬರೆದ ಬೆರಳುಗಳು ನನ್ನನ್ನೇ ಚುಚ್ಚಿದವು. ಹೂಂ ಎಂದೆ.

ಈಗ ಆ ಅಂಗಡಿಯ ಬಾಗಿಲಲ್ಲೇ ಇದ್ದೇನೆ, ಆಳೆತ್ತರಕ್ಕೆ, ಕಿವಿ ಸಮೇತ. ವ್ಯಾಪಾರ ಜೋರಾಗಿದೆಯಂತೆ.