ಮಗಳ ಜಾಗ ಮತ್ತು ನನ್ನ ಕುರ್ಚಿ

ಆಘಾತಗಳಿಗೆ ಈ ವಯಸ್ಸಿಗಾದರೂ ನಾನು ಒಗ್ಗಿಕೊಂಡಿರಬೇಕಿತ್ತು. ಹಾಸನದಿಂದ ಅಹಮದಾಬಾದಿಗೆ ಬಂದ ಹೊಸತರಲ್ಲಿ ಹೋಟೆಲಿನ ದಾಲ್ ಬಾಯಿಗಿಟ್ಟು, ಊಟಕ್ಕೆ ಮೊದಲೇ ಪಾಯಸ ಯಾಕೆ ಬಡಿಸಿದಿರಿ ಎಂದು ಮಾಣಿಯನ್ನು ಕರೆದು ಕೇಳಿದವನು ನಾನು. ಅದನ್ನು ಅರಗಿಸಿಕೊಂಡೆ. ತಲೆ ಸುಡುವ ಬಿಸಿಲಿನಲ್ಲಿ ಜನ ರಸ್ತೆ ಬದಿ ನಿಂತು ಕುದಿಯುವ ಚಹಾ ಹೀರುವುದನ್ನೂ ಅರಗಿಸಿಕೊಂಡೆ. ಆದರೆ ಒಂದು ಪ್ಲಾಸ್ಟಿಕ್ ಕುರ್ಚಿ ನನಗೆ ಕೊಟ್ಟ ಆಘಾತದಿಂದ ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ. ಕುರ್ಚಿ ಮುರಿದು ಬಿದ್ದೆನೆಂದು ತಿಳಿಯಬೇಡಿ. ಬಿದ್ದಿದ್ದರೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಮರೆತುಬಿಡುತ್ತಿದ್ದೆ.

ವಿಷಯ ನನ್ನ ಮಗಳು ಮೈತ್ರಿಯ ಫುಟ್‌ಬಾಲಿನದು. ಅವಳಿಗೆ ಹದಿಮೂರು. ಇಲ್ಲೇ ಬೆಳೆದವಳಾದ್ದರಿಂದ ಗುಜರಾತಿಯಲ್ಲಿ ಜಗಳವಾಡಿ, ಹಿಂದಿಯಲ್ಲಿ ರಾಜಿಯಾಗಿ, ಹಸಿವಾದಾಗ ಕನ್ನಡಕ್ಕೆ ಬರುತ್ತಾಳೆ. ನಮ್ಮ ಕಾಲೊನಿಯ ಹುಡುಗಿಯರ ತಂಡದಲ್ಲಿ ಅವಳದೊಂದು ವಿಚಿತ್ರ ಸಮಸ್ಯೆ: ಎಲ್ಲ ಜಾಗದಲ್ಲೂ ಚೆನ್ನಾಗಿಯೇ ಆಡುತ್ತಾಳೆ. ಒಂದು ದಿನ ಎಡ ಅಂಚಿನಲ್ಲಿ ಮಿಂಚುತ್ತಾಳೆ, ಇನ್ನೊಂದು ದಿನ ಬಲ ಅಂಚಿನಲ್ಲಿ. ಮರುವಾರ ನೋಡಿದರೆ ನಮ್ಮ ಗೋಲಿನ ಮುಂದೆ ಗೋಡೆಯಂತೆ ನಿಂತಿರುತ್ತಾಳೆ. ನಾನು ಇದನ್ನು ಪ್ರತಿಭೆಯೆಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ. ತರಬೇತಿ ಕೊಡುವ ಹೇತಲ್‌ಬೆನ್ ಮಾತ್ರ ತಲೆ ಅಲ್ಲಾಡಿಸಿದರು. ವಡೋದರಾದಲ್ಲಿ ರಾಜ್ಯ ತಂಡದ ಆಯ್ಕೆ ಪಂದ್ಯವಿದೆ, ಎಲ್ಲಿ ಬೇಕಾದರೂ ಆಡುವವಳನ್ನು ಆಯ್ಕೆಗಾರರು ಕೊನೆಗೆ ಬೆಂಚಿನ ಮೇಲೆ ಕೂರಿಸುತ್ತಾರೆ, ಈ ಸಲ ತಪ್ಪಿದರೆ ಈ ವಯಸ್ಸಿನ ತಂಡಕ್ಕೆ ಮತ್ತೆ ಅವಕಾಶವಿಲ್ಲ, ಆದ್ದರಿಂದ ಅವಳಿಗೊಂದು ಜಾಗ ಗೊತ್ತಾಗಲೇಬೇಕು ಎಂದರು.

ಜಾಗ ಗೊತ್ತುಮಾಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಆಂಟೆನಾ ಎಲ್ಲಿರಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ನಿರ್ಧರಿಸುವವನು ನಾನೇ. ಆಕಾಶದ ಉಪಗ್ರಹಕ್ಕೆ ಆಂಟೆನಾ ಸರಿಹೊಂದಿಸುವವನಿಗೆ ಹದಿಮೂರು ವರ್ಷದ ಹುಡುಗಿ ಯಾವ ಲೆಕ್ಕ! ಫುಟ್‌ಬಾಲಿನಲ್ಲಿ ನನ್ನ ಅನುಭವವೆಂದರೆ, ಶಾಲೆಯಲ್ಲಿದ್ದಾಗ ಚರಂಡಿಗೆ ಬಿದ್ದ ಚೆಂಡನ್ನು ತರಲು ನನ್ನನ್ನೇ ಕಳಿಸುತ್ತಿದ್ದರು, ಅಷ್ಟೇ. ಆದರೂ ಊಟದ ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿ, ಉಪ್ಪಿನಕಾಯಿ ಜಾಡಿಗಳನ್ನು ಎದುರಾಳಿಗಳಾಗಿ ನಿಲ್ಲಿಸಿ, ಉಪ್ಪಿನ ಬಟ್ಟಲನ್ನು ಮೈತ್ರಿಯೆಂದು ಓಡಿಸಿ, ಅವಳು ಎದುರಾಳಿ ಗೋಲಿನ ಹತ್ತಿರ, ನಟ್ಟನಡುವೆ ಆಡಬೇಕೆಂದು ಸಿದ್ಧಾಂತ ಮಾಡಿದೆ. ಗೋಲು ಹೊಡೆಯುವವಳ ಅಪ್ಪನೆನಿಸಿಕೊಳ್ಳುವ ಆಸೆಯೂ ಅದರಲ್ಲಿತ್ತೆನ್ನಿ. ಹೆಂಡತಿ ಸುಮಾ, "ರೀ, ಆ ಉಪ್ಪು ಇತ್ಲಾಗೆ ಕೊಡ್ತೀರಾ, ಇಲ್ಲ ಅದಿನ್ನೂ ಆಡ್ತಾ ಇದೆಯಾ?" ಎಂದಳು.

ಅಲ್ಲಿಯವರೆಗೆ ಆಗಾಗ ಮೈದಾನಕ್ಕೆ ಹೋಗಿ ಕೂಗುತ್ತಿದ್ದ ನಾನು, ಸಿದ್ಧಾಂತವನ್ನು ಜಾರಿಗೆ ತರಲು ದಿನಾ ಸಂಜೆ ಹೋಗತೊಡಗಿದೆ. ನನ್ನ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಬೇರೆ ಅಪ್ಪಂದಿರು ಗುಜರಾತಿಯಲ್ಲೋ ಹಿಂದಿಯಲ್ಲೋ ಕೂಗುತ್ತಿದ್ದರು, ಅದು ಎದುರಾಳಿಗಳಿಗೂ ಅರ್ಥವಾಗುತ್ತಿತ್ತು. ನಾನು ಅಚ್ಚಕನ್ನಡದಲ್ಲಿ ಕೂಗುತ್ತಿದ್ದೆ. "ಪುಟ್ಟೀ, ಆ ಕೆಂಪು ರಿಬ್ಬನ್ನಿನವಳು ಸುಸ್ತಾಗಿದಾಳೆ, ಅವ್ಳ ಪಕ್ಕದಿಂದ ನುಗ್ಗು!" ಎಂದರೆ ಇಡೀ ಗುಜರಾತಿನಲ್ಲಿ ಯಾರಿಗೆ ತಿಳಿಯಬೇಕು? ಮೈತ್ರಿಗೂ ಅರ್ಧ ತಿಳಿಯುತ್ತಿರಲಿಲ್ಲವೆಂಬುದು ಆಗ ಹೊಳೆಯಲಿಲ್ಲ. ಹೇತಲ್‌ಬೆನ್ ನನಗೆ ಕೊಡುತ್ತಿದ್ದ ಮರ್ಯಾದೆಯಂತೂ ಹೇಳತೀರದು. ನಾನು ಹೋದೊಡನೆ ತಾವೇ ಪ್ಲಾಸ್ಟಿಕ್ ಕುರ್ಚಿ ತರುತ್ತಿದ್ದರು. "ಮೂರ್ತಿಭಾಯ್, ಆಜ್ ಇಧರ್ ಬೈಠೋ ನೆ, ಇಧರ್ ಛಾಂವ್ ಹೈ," ಎಂದು ನೆರಳಿನ ನೆಪ ಹೇಳಿ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಕೂರಿಸುತ್ತಿದ್ದರು. ಒಮ್ಮೊಮ್ಮೆ ಆಟದ ನಡುವೆಯೇ ಎಬ್ಬಿಸಿ ಇನ್ನೊಂದು ಮೂಲೆಗೆ ಸಾಗಿಸುತ್ತಿದ್ದರು. ಅವರು ಏನೂ ಹೇಳದ ದಿನ ನಾನು ಎದುರಾಳಿ ಗೋಲಿನ ಪಕ್ಕದಲ್ಲೇ ಕೂರುತ್ತಿದ್ದೆ, ಮಗಳನ್ನು ಅಲ್ಲಿಗೇ ಕರೆಯಬೇಕಲ್ಲ. ವಿಜ್ಞಾನಿಗಳನ್ನು ಗೌರವಿಸುವುದನ್ನು ನಮ್ಮ ಜನ ಇವರಿಂದ ಕಲಿಯಬೇಕೆಂದು ಸುಮಾಳಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೆಮ್ಮು ಬಂದಿರಬೇಕೆಂದುಕೊಂಡೆ.

ಆಯ್ಕೆಯ ದಿನ ಬೆಳಿಗ್ಗೆ ವಡೋದರಾದಲ್ಲಿ ಇಳಿದೆವು. ಮಕ್ಕಳು ಆಗಲೇ ಮೈದಾನದಲ್ಲಿದ್ದರು, ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಅಲ್ಕಾಪುರಿಯ ಹೋಟೆಲೊಂದರಲ್ಲಿ ನಾನು, ಸುಮಾ, ಹೇತಲ್‌ಬೆನ್ ಮೂವರೂ ಖಾರದ ಸೇವ್ ಉಸಲ್ ತಿನ್ನುತ್ತಿದ್ದೆವು. ಹೇತಲ್‌ಬೆನ್ ಕಳವಳದಿಂದ ಕೇಳಿದರು: "ಮೂರ್ತಿಭಾಯ್, ಆಜ್ ಆಪ್ ಕಹಾಂ ಬೈಠೋಗೆ?"

"ಕಹೀಂ ಭೀ," ಎಂದೆ ಉದಾರವಾಗಿ. ಎಲ್ಲಾದರೂ ಕೂತರಾಯಿತು.

ಅವರ ಮುಖ ಬಿಳುಚಿತು. "ಕಹೀಂ ಭೀ ನಹೀಂ ಚಲೇಗಾ!" ಎಂದು ಸುಮಾಳ ಕಡೆ ನೋಡಿದರು. ಸುಮಾ ಚಮಚ ಕೆಳಗಿಟ್ಟಳು.

"ಹೇಳಿಬಿಡ್ತೀನಿ ತಗೊಳ್ಳಿ. ನೀವು ಎಡಗಡೆ ಕೂತ್ರೆ ಅವ್ಳು ಬಲಗಡೆ ಓಡ್ತಾಳೆ, ಬಲಗಡೆ ಕೂತ್ರೆ ಎಡಗಡೆ. ನಿಮ್ಮ ಕೂಗು ಎಲ್ಲಿ ಕೇಳ್ಸಲ್ವೋ ಅಲ್ಲಿ ಆಡ್ತಾಳೆ. ಅದಕ್ಕೇ ಇವ್ರು ಅವ್ಳನ್ನ ಎಲ್ಲಿ ಆಡಿಸ್ಬೇಕೋ ಅದರ ಎದುರು ಕಡೆ ನಿಮ್ಮ ಕುರ್ಚಿ ಹಾಕ್ತಾರೆ."

ನಾನು ಉಸಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಮತ್ತೆ ನೆರಳು?"

"ನೆರಳೂ ಇಲ್ಲ, ಗಿರಳೂ ಇಲ್ಲ."

"ಇಂಥ ಉಪಾಯ ಇವರಿಗೆ ಕೊಟ್ಟವರು ಯಾರು?"

"ನಾನೇ. ಮನೇಲಿ ನಡೀತಿತ್ತಲ್ಲ, ಅಲ್ಲೂ ನಡೆಯುತ್ತೆ ಅಂದೆ."

ಮಗಳ ಸರ್ವತೋಮುಖ ಪ್ರತಿಭೆಯೆಂದು ನಾನು ಊರೆಲ್ಲ ಸಾರಿದ್ದು, ಅಪ್ಪನಿಂದ ತಪ್ಪಿಸಿಕೊಂಡು ಓಡುವ ಓಟವಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಮೈದಾನಕ್ಕೆ ಹೋದವನೇ ಮೈತ್ರಿಯನ್ನು ಪಕ್ಕಕ್ಕೆ ಕರೆದು, ಅಷ್ಟು ದಿನ ಉಪ್ಪಿನ ಬಟ್ಟಲನ್ನು ಓಡಿಸಿದರೂ ಒಮ್ಮೆಯೂ ಕೇಳದಿದ್ದುದನ್ನು ಕೇಳಿದೆ. "ಪುಟ್ಟೀ, ನಿಂಗೆ ಎಲ್ಲಿ ಆಡೋಕೆ ಇಷ್ಟ?"

"ಸೆಂಟರ್ ಫಾರ್ವರ್ಡ್, ಅಪ್ಪಾ. ಯಾವಾಗ್ಲೂ ಅದೇ. ಆದ್ರೆ ಅಲ್ಲಿ ನೀನು ಇರ್ತೀಯಲ್ಲ!"

ನನ್ನದೂ ಅದೇ ಆಸೆ! ಅವಳನ್ನು ಮುಂದಕ್ಕೆ ಕರೆಯುತ್ತೇನೆಂದು ಅಷ್ಟು ದಿನ ಹಿಂದಕ್ಕೆ ಅಟ್ಟಿದವನು ನಾನೇ. "ಬಾಯಿ ಮುಚ್ಕೊಂಡು ಕೂರ್ತೀನಿ," ಎಂದೆ. "ಅದು ನಿನ್ ಕೈಲಿ ಆಗಲ್ಲ ಅಪ್ಪಾ," ಎಂದಳು, ಬೇಸರವಿಲ್ಲದೆ.

ಮಾತನಾಡದೆ ಕುರ್ಚಿ ಹೊತ್ತು ನಮ್ಮದೇ ಗೋಲಿನ ಹಿಂದೆ, ಮೈದಾನದ ಕಟ್ಟಕಡೆಗೆ ಹೋಗಿ ಕೂತೆ. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ, ಇಡೀ ಮೈದಾನ ನೋಡುತ್ತಿರುವಂತೆ ನಾನೂ ಕುರ್ಚಿ ಹೊತ್ತು ಈ ತುದಿಯಿಂದ ಆ ತುದಿಗೆ ನಡೆದೆ. ಅಲ್ಲಿಂದ ಮಗಳು ಇರುವೆಯಷ್ಟೇ ಕಾಣುತ್ತಿದ್ದಳು. ದೂರದಲ್ಲಿ ಒಮ್ಮೆ ಹೋ ಎಂದು ಗದ್ದಲವೆದ್ದಾಗ ನಮ್ಮ ಗೋಲ್‌ಕೀಪರ್ ಹುಡುಗಿಯನ್ನು ಏನಾಯಿತೆಂದು ಕೇಳಿದೆ. "ಮೈತ್ರಿ ನೇ ಗೋಲ್ ಮಾರಾ, ಅಂಕಲ್!" ಎಂದಳು. ಗೋಲು ಹೊಡೆಯುವವಳ ಅಪ್ಪನಾದೆ, ಕಣ್ಣಾರೆ ನೋಡದೆ. ಸಂಜೆ ಆಯ್ಕೆಯಾದವರ ಹೆಸರು ಓದಿದಾಗ ಅವಳದೂ ಇತ್ತು. ನಾನು ಅತ್ತೆ, ಸದ್ದಿಲ್ಲದೆ.

ಇದನ್ನು ಬರೆಯುತ್ತಿರುವುದು ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು. ಒಳಗೆ ಫ್ಯಾನಿನ ಕೆಳಗೆ ಮೈತ್ರಿ ರಜೆಗೆಂದು ಕೊಟ್ಟ ಗಣಿತ ಮಾಡುತ್ತಿದ್ದಾಳೆ. ವರ್ಷಗಳಿಂದ ಈ ಹೊತ್ತಿಗೆ ಸುಮಾ ನನಗಾಗಿ ಇಲ್ಲಿ ಕುರ್ಚಿ ಹಾಕಿಕೊಡುತ್ತಾಳೆ, ಎಂಥ ಪತಿಭಕ್ತಿ ಎಂದು ಬೀಗುತ್ತಿದ್ದೆ. ಇವತ್ತೂ ಹಾಕಿಕೊಟ್ಟು, "ಇಲ್ಲೇ ಕೂತ್ಕೊಳ್ರೀ, ತಂಪು ಗಾಳಿ ಬರ್ತಿದೆ," ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋದಳು. ಅಹಮದಾಬಾದಿನಲ್ಲಿ ಈಗ ಮೇ ತಿಂಗಳು.