ಎದುರುಮನೆಯವರೆಗೆ ಅಮೆರಿಕ

ನಮ್ಮ ಸೋದರಮಾವ ಅಮೆರಿಕಕ್ಕೆ ಹೊರಟವರು. ಸುಳ್ಳಲ್ಲ! ಹೊರಟು, ಎದುರುಮನೆಯವರೆಗೆ ತಲುಪಿಯೂ ಇದ್ದರು. ನೀವು ನಗುವುದಾದರೆ ನಗಿ, ನಾನೂ ನಕ್ಕವಳೇ.

ಆಗ ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದ ನನ್ನನ್ನು ರಜೆಯಲ್ಲಿ ಅಡುಗೆಗೆಂದು ಅಲ್ಲಿಗೆ ಕಳಿಸಿದ್ದರು. ಅತ್ತೆ ಮಾತಿಲ್ಲ, ಕತೆಯಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. “ನನ್ನ ಕೆಲಸ ಮುಗೀತು. ಇನ್ನು ಏಳೋ ಮನಸ್ಸು ಅವರಿಗೇ ಬರಬೇಕು. ಬರದಿದ್ರೆ ಕಷ್ಟ” ಎಂದು ಡಾಕ್ಟರು ಹೇಳಿ ಹೋದರು. ಬೇರೆಯವರಾಗಿದ್ದರೆ ದೇವರಿಗೆ ಹರಕೆ ಹೊರುತ್ತಿದ್ದರು. ಮಾವ ಏನು ಮಾಡಿದರು? ಆಫೀಸಿನ ಹಳೆಯ ಕ್ಯಾಲೆಂಡರಿನಿಂದ ಒಂದು ಚಿತ್ರ ಹರಿದು ತಂದು, ಅದೇ ಗೋಡೆಗೆ ಅನ್ನ ಮೆತ್ತಿ ಅಂಟಿಸಿದರು! ಗ್ರ್ಯಾಂಡ್ ಕ್ಯಾನಿಯನ್. ಕೆಂಪು ಕಲ್ಲಿನ ಮಹಾಕಣಿವೆ, ತಳದಲ್ಲಿ ದಾರದಷ್ಟು ಹೊಳೆ.

ಸಂಜೆಯವರೆಗೆ ಅದನ್ನೇ ನೋಡಿದ ಅತ್ತೆ ಕೊನೆಗೂ ಬಾಯಿ ಬಿಟ್ಟರು.

“ಯಾರ್ರೀ ಇಷ್ಟು ಅಗೆದಿದ್ದು?”

“ಹೊಳೆ ಕಣೇ.”

“ಮತ್ತೆ ನಮ್ಮ ಭದ್ರಾ ಹೊಳೆ ಯಾಕೆ ಅಗೆದಿಲ್ಲ?”

“ಅದಕ್ಕೆ ಪುರುಸೊತ್ತೆಲ್ಲಿ? ಗದ್ದೆಗೆ ಹೋಗ್ಬೇಕು, ಕಾರ್ಖಾನೆಗೆ ಹೋಗ್ಬೇಕು! ಅಮೆರಿಕದಲ್ಲಿ ಇದನ್ನ ಪಾರ್ಕು ಮಾಡಿದಾರಂತೆ. ರಜಕ್ಕೆ ಮನೆಮಂದಿಯೆಲ್ಲ ಹೋಗ್ತಾರಂತೆ. ನೀನು ಎದ್ದ ಮೇಲೆ ನಾವೂ ಹೋಗೋಣ.”

“ಪಾರ್ಕಾ? ಕೂರಕ್ಕೆ ಬೆಂಚಿದೆಯಾ?”

ಮಾವನಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಅವರು ಜನ್ಮದಲ್ಲಿ ಹೇಳಿದವರಲ್ಲ. ಇದೆ, ಕಲ್ಲಿನದು ಎಂದರು.

ಅಲ್ಲಿಂದ ಶುರುವಾಯಿತು ನೋಡಿ ತಯಾರಿ! ಕಣಿವೆಗೆ ಇಳಿಯುವುದು ಹೇಸರಗತ್ತೆಯ ಮೇಲೆ ಎಂದು ಎಲ್ಲೋ ಓದಿಕೊಂಡು ಬಂದ ಮಾವ, ಅಭ್ಯಾಸವಾಗಲಿ ಎಂದು ಹೊಳೆದಂಡೆಯಲ್ಲಿ ಮಡಿವಾಳರ ಕತ್ತೆ ಹತ್ತಿದರು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. “ಗಂಟು ಹೇರದೆ ಅದು ನಡೆಯಲ್ಲ ಸ್ವಾಮಿ” ಎಂದ ಕತ್ತೆಯ ಯಜಮಾನ. ಸರಿ, ಮಾವ ಕೊಳೆಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕತ್ತೆ ನೆಟ್ಟಗೆ ಬಜಾರಿಗೇ ನಡೆಯಿತು! ಶಿಫ್ಟು ಬಿಟ್ಟ ಹೊತ್ತು ಬೇರೆ. ಇಡೀ ಕಾರ್ಖಾನೆ ಸೈಕಲ್ಲಿನಿಂದ ಇಳಿದು ನಿಂತು ನೋಡಿತು. ಇದನ್ನು ಕೇಳಿದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕು, “ಹೊಲಿಗೆ ಬಿಚ್ಚಿದ್ರೆ ಆ ಪಾಪ ನಿಮಗೇ!” ಎಂದರು. ಅವರು ನಕ್ಕು ಎಷ್ಟು ಕಾಲವಾಗಿತ್ತೋ! ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆಮೇಲೆ ಅತ್ತೆಯದು ಪ್ರಶ್ನೆಯ ಮೇಲೆ ಪ್ರಶ್ನೆ. ಅಲ್ಲಿ ಹೆಪ್ಪಿಗೆ ಮಜ್ಜಿಗೆ ಯಾರ ಮನೆಯಲ್ಲಿ ಕೇಳುವುದು? ಆ ಹೊಳೆಗೆ ಬಾಗಿನ ಬಿಡಬಹುದೋ? ಮೇಲೆ ಚಳಿ, ತಳದಲ್ಲಿ ಸೆಕೆಯಂತೆ ಎಂದು ಮಾವ ಹೇಳಿದರೆ, “ಹಾಗಾದ್ರೆ ಹಪ್ಪಳ ಕೆಳಗೆ ಒಣಗಿಸಿ ಮೇಲೆ ಕೂತು ತಿನ್ನೋಣ” ಎನ್ನುತ್ತಿದ್ದರು. ಎಲ್ಲ ಸರಿ, ಹಾಸಿಗೆ ಬಿಟ್ಟು ಏಳಿ ಎಂದರೆ ಮಾತ್ರ, “ನಾಳೆ ನೋಡೋಣ” ಎಂದು ಮುಸುಕೆಳೆಯುವರು.

ನಾನು ಬಾಯಿ ಹಾಕಿದೆ. “ಮಾವ, ಅಷ್ಟು ದೂರ ಹೋಗೋದು ಹೇಗೆ ಅಂತ ಯೋಚಿಸಿದೀರಾ?”

“ಅದು ಆಮೇಲಿನ ಮಾತು ಕಣೇ. ಬುಧವಾರ ದಿನ ಚೆನ್ನಾಗಿದೆ. ಪ್ರಸ್ಥಾನ ಇಟ್ಟುಬಿಡ್ತೀನಿ!”

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಒಳ್ಳೆಯ ದಿನ ಹೊರಡಲು ಆಗದಿದ್ದರೆ, ಆ ದಿನ ಒಂದು ಚೀಲವನ್ನಾದರೂ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಇಟ್ಟರೆ ಹೊರಟಂತೆಯೇ ಲೆಕ್ಕ. ಹೋಗುವ ದಿನ ಅಲ್ಲಿಂದಲೇ ಎತ್ತಿಕೊಂಡು ನಡೆಯಬೇಕು. ಚೀಲ ತಿರುಗಿ ನಮ್ಮ ಹೊಸ್ತಿಲು ದಾಟಿತೋ, ಪ್ರಯಾಣ ರದ್ದು!

ಬುಧವಾರ ಅತ್ತೆಯದೊಂದು ಸೀರೆ, ತಮ್ಮದೊಂದು ಪಂಚೆ ಚೀಲಕ್ಕೆ ತುಂಬಿ ಮಾವ ಎದುರುಮನೆಗೆ ಒಯ್ದರು. ಅಲ್ಲಿದ್ದವರು ಲಾರಿ ಮೆಕ್ಯಾನಿಕ್ ಸಾಹೇಬರು. “ಅಮೆರಿಕಾ ಸಾಮಾನು ನಮ್ಮನೇಲಿ! ಬಹುತ್ ಖುಷಿ ರಾಯರೇ!” ಎಂದು ಅವರು ಅದನ್ನು ಟ್ರಂಕಿನ ಮೇಲೆ ಕೂರಿಸಿದರು. ದಿನಾ ಬೆಳಿಗ್ಗೆ ಮಾವ ರಸ್ತೆಯಲ್ಲಿ ನಿಂತು ಕೂಗುವರು: “ಸಾಹೇಬ್ರೇ, ನಾವು ಹೇಗಿದೀವಿ?” ಒಳಗಿನಿಂದ ಉತ್ತರ: “ಆರಾಮಾಗಿದೀರಿ ರಾಯರೇ!” ಓಣಿಯವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡರು. ನಾನೂ ಅಷ್ಟೇ.

ಒಂದು ದಿನ ಸಾಹೇಬರು ಚೀಲ ಹಿಡಿದು ನಮ್ಮ ಬಾಗಿಲಿಗೇ ಬಂದುಬಿಟ್ಟರು. “ಮಗಳ ನಿಕಾಹ್ ಇದೆ ರಾಯರೇ, ಮನೆಗೆ ಸುಣ್ಣ ಹೊಡೆಸ್ತಿದೀನಿ. ನಾಲ್ಕು ದಿನ ಇದು ನಿಮ್ಮಲ್ಲೇ ಇರ್ಲಿ.”

ಮಾವ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತರು. “ಒಳಗೆ ತರಬೇಡಿ ಸಾಹೇಬ್ರೇ! ಕೈ ಮುಗೀತೀನಿ, ತರಬೇಡಿ!”

ನನಗೆ ನಗು ಬಂತು. ಆದರೆ ಮಾವನ ಗಲ್ಲ ಒದ್ದೆಯಾಗಿತ್ತು. ಅತ್ತೆಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು, ಆ ಪುಟ್ಟ ಮನೆಯಲ್ಲಿ ಕೇಳಿಸದೆ ಇರುತ್ತದೆಯೇ? “ಒಂದು ಪ್ರಯಾಣಕ್ಕೆ ಹೊರಟು ನಿಂತವಳನ್ನ ಇನ್ನೊಂದಕ್ಕೆ ಯಾರೂ ಕರೆಯೋ ಹಂಗಿಲ್ಲ. ಯಮನೂ ಕರೆಯೋ ಹಂಗಿಲ್ಲ. ಈ ಚೀಲ ಒಳಗೆ ಬಂದ್ರೆ ನಾನೇನು ಮಾಡ್ಲಿ?”

ಒಳಗೆ ಮಂಚ ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಮಾವನ ಕೈಯಡಿ ನುಸುಳಿ ಹೊರಗೆ ಹೋಗಿ, ಸಾಹೇಬರ ಕೈಯಿಂದ ಚೀಲ ಇಸಿದುಕೊಂಡು, ರಸ್ತೆ ದಾಟತೊಡಗಿದರು. ನಾನು ಹಿಡಿಯಲು ಓಡಿದೆ, ಬೇಡ ಎಂದು ಕೈಯಾಡಿಸಿದರು. ಎದುರುಮನೆಯ ಜಗಲಿಯ ಮೂಲೆಯಲ್ಲಿ ಚೀಲ ಇಟ್ಟು, ಏದುಸಿರು ಬಿಡುತ್ತಾ ಹೇಳಿದರು: “ಸುಣ್ಣ ಆಗೋವರೆಗೂ ಇಲ್ಲೇ ಇರ್ಲಿ ಸಾಹೇಬ್ರೇ. ನಾವು ಹೊರಟಾಗಿದೆ.”

ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ರಸ್ತೆಯಲ್ಲಿ ನಿಂತು ಕೂಗಿದರು: “ಸಾಹೇಬ್ರೇ, ನಾವು ಹೇಗಿದೀವಿ?”

ಉತ್ತರ ಬಂದಿದ್ದು ಬೆನ್ನ ಹಿಂದಿನಿಂದ. ನಮ್ಮ ಜಗಲಿಯ ಮೇಲೆ ತಲೆ ಬಾಚಿಕೊಳ್ಳುತ್ತ ಅತ್ತೆ ಕೂತಿದ್ದರು.

“ಆರಾಮಾಗಿದೀವಿ. ಒಳಗೆ ಬನ್ನಿ, ಕಾಫಿ ಆರ್ತಿದೆ.”