ಗಜೇಂದ್ರಮೋಕ್ಷದ ಬೆಲೆ

ಎಲ್ಲಕ್ಕೂ ಕಾರಣ ಕುಕ್ಕರಿನ ರಬ್ಬರ್ ರಿಂಗು. ಅದು ಸಡಿಲಾಗಿ ಬೇಳೆ ಬೇಯದೆ ಹೋದದ್ದರಿಂದ ಜಯಲತಾ ಶನಿವಾರ ಬೆಳಿಗ್ಗೆಯೇ ಗಂಡನನ್ನು ಉಲ್ಹಾಸನಗರಕ್ಕೆ ಅಟ್ಟಿದಳು. ಡೊಂಬಿವಲಿಯಲ್ಲಿ ಸಿಗುವ ಯಾವ ಸಾಮಾನಾದರೂ ಉಲ್ಹಾಸನಗರದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂಬುದು ಅವಳ ನಂಬಿಕೆ. ಹೋಗಿಬರುವ ಖರ್ಚು ಆ ಲೆಕ್ಕದಲ್ಲಿ ಸೇರುವುದಿಲ್ಲ. ಹೆಂಡತಿಯ ನಂಬಿಕೆಗಳನ್ನು ಪ್ರಶ್ನಿಸುವ ವಯಸ್ಸನ್ನು ಸಂಕರ್ಷಣ ಎಂದೋ ದಾಟಿದ್ದ.

ರಿಂಗು ಕೊಂಡು ಹೊರಬಿದ್ದವನಿಗೆ ಪಕ್ಕದ ಅಂಗಡಿಯ ಗಾಜಿನ ಹಿಂದೆ ದೇವರು ಕಂಡ. ಬ್ಯಾಟು ಎತ್ತಿ ನಿಂತ ಆಟಗಾರರು, ಬೆಂಕಿ ಉಗುಳುವ ಕಾರ್ಟೂನು ಪ್ರಾಣಿಗಳು, ಹೀಗೆ ಹವ್ಯಾಸಿಗಳು ಕೊಂಡು ಕೂಡಿಡುವ ಸಾಲುಸಾಲು ಕಾರ್ಡುಗಳ ನಡುವೆ ಒಂದು ಫೋಟೋ ಅಂಟಿಸಿದ್ದರು. ಕೊಳದಲ್ಲಿ ಆನೆ, ಆನೆಯ ಕಾಲಿಗೆ ಮೊಸಳೆ, ಮೇಲಿನಿಂದ ಗರುಡನೇರಿ ಬರುವ ವಿಷ್ಣು. ಕೆಳಗೆ ‘ಈ ಕಾರ್ಡು ಬೇಕಾಗಿದೆ’ ಎಂಬ ಚೀಟಿ.

ಸಂಕರ್ಷಣ ನಿಂತುಬಿಟ್ಟ. ಹಿಂದೆ ಸುಗುಣ ಚಹಾಪುಡಿಯ ಪೊಟ್ಟಣದಲ್ಲಿ ಪುಕ್ಕಟೆ ಬರುತ್ತಿದ್ದ ಪುರಾಣದ ಕಾರ್ಡು ಅದು. ಅಂಥದೇ ಒಂದು ಅವನ ಮನೆಯ ದೇವರಗೂಡಿನಲ್ಲಿ, ಭಾಗವತದ ಪುಟಗಳ ನಡುವೆ ಇತ್ತು.

ಅಂಗಡಿಯ ಹುಡುಗ ಹಿತೇಶ್ ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ಸಂಕರ್ಷಣನ ಕನ್ನಡ ಕೇಳಿ ಸ್ಟೂಲು ಎಳೆದುಕೊಟ್ಟ.

“ಇಂಥಾದ್ದಕ್ಕ ಎಷ್ಟು ಕೊಡ್ತೀಯಪಾ?”

“ಕಂಡೀಶನ್ ನೋಡಬೇಕು ಅಂಕಲ್. ನಾಲ್ಕೂ ಮೂಲೆ ಚೂಪಿರಬೇಕು. ಸುತ್ತಲಿನ ಬಿಳಿ ಅಂಚು ನಾಲ್ಕೂ ಕಡೆ ಸಮ ಇರಬೇಕು. ಗೀರು, ಕಲೆ ಬಿಲ್ಕುಲ್ ನಹೀ. ಹಾಗಿದ್ದರೆ ಹದಿನೆಂಟು ಸಾವಿರ. ಹೋದ ಸಲದ ಪೀಸು ಅಷ್ಟಕ್ಕೇ ಹೋಯ್ತು.”

“ಹಳೇದು ಅಂತ ಅಷ್ಟು ಬೆಲಿ ಏನು?”

“ಹಳೇದಕ್ಕೆ ಯಾರು ರೇಟ್ ಕೊಡ್ತಾರೆ ಅಂಕಲ್, ನಮ್ಮ ಅಜ್ಜಿ ಕೂಡ ಹಳೇದೇ.” ಹಿತೇಶ್ ನಕ್ಕ. “ಎಷ್ಟು ಉಳಿದಿದೆ, ಎಷ್ಟು ಜನಕ್ಕೆ ಬೇಕು, ಅಷ್ಟೇ. ಕಂಪನಿ ಬಂದ್ ಆಗೋ ಟೈಮಲ್ಲಿ ಇದನ್ನು ಕಮ್ಮಿ ಛಾಪಿಸಿದ್ರು. ಮಕ್ಕಳು ಆಡಿ ಹರಿದು ಹಾಕಿದ್ರು. ಇವತ್ತು ಎಂಟ್ಹತ್ತು ಒಟ್ಟಿಗೆ ಮಾರ್ಕೆಟಿಗೆ ಬಂದರೆ ಖತಂ, ಇನ್ನೂರಕ್ಕೂ ಕೇಳೋರಿಲ್ಲ. ನಿಮ್ಮ ಹತ್ರ ಇದ್ದರೆ ನಾಳೆ ತನ್ನಿ, ನನ್ನ ನಂಬರ್ ಇಟ್ಕೊಳ್ಳಿ. ಇವತ್ತು ನಾನು ವಾಶಿಗೆ ಹೊರಟೆ.”

ಗಜೇಂದ್ರನ ಕಾಲು ಹಿಡಿದದ್ದು ಮೊಸಳೆ, ಸಂಕರ್ಷಣನ ಕಾಲು ಹಿಡಿದದ್ದು ಡೊಂಬಿವಲಿಯ ಲೋಕಲ್ ರೈಲು. ಮಸ್ಜಿದ್ ಬಂದರಿನ ಆಫೀಸಿಗೆ ನಿಂತೇ ಹೋಗಿ ನಿಂತೇ ಬಂದು ಅವನ ಮೊಣಕಾಲು ಒಣಗಿದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ನಿವೃತ್ತಿಗೆ ಇನ್ನೊಂದು ವರ್ಷ. ಡಾಕ್ಟರು “ಕೂತು ಪ್ರಯಾಣ ಮಾಡಿ” ಎಂದಿದ್ದರು, ಡೊಂಬಿವಲಿ ಸ್ಟೇಷನ್ ನೋಡದವರಂತೆ. ಹದಿನೆಂಟು ಸಾವಿರವೆಂದರೆ ಹೆಚ್ಚುಕಡಿಮೆ ಆ ವರ್ಷಕ್ಕೆ ಸಾಕಾಗುವ ಎಸಿ ಲೋಕಲಿನ ಪಾಸು.

ಮನೆಗೆ ಬಂದವನೇ ಭಾಗವತ ತೆರೆದು ನೋಡಿದ. ಮೂಲೆಗಳು ದರ್ಭೆಯ ತುದಿಯಂತಿದ್ದವು. ಪಾಸು ಕೈಗೆ ಬಂದ ಮೇಲೆ ಹೆಂಡತಿಗೆ ಹೇಳಿದರಾಯಿತೆಂದು ಕಾರ್ಡನ್ನು ಅಲ್ಲೇ ಇಟ್ಟು, ಸಂತೋಷ ತಡೆಯಲಾರದೆ ಚಹಾ ಕುಡಿಯಲು ಕೆಳಗಿಳಿದ.

ಕಟ್ಟಡದ ಕೆಳಗೇ ವಸಂತಕುಮಾರನ ಹೋಟೆಲು. ಸುಮ್ಮನೆ ಚಹಾ ಕುಡಿದು ಎದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂತೋಷಕ್ಕೆ ಬಾಯಿ ಬೇಕು.

“ವಸಂತಣ್ಣ, ಸುಗುಣ ಚಹಾಪುಡಿ ಬರ್ತಿತ್ತಲ್ಲ, ನೆನಪದ ಏನ್ರಿ?”

“ನೆನಪೆಂತ ಮಾರಾಯ್ರೆ, ಅದರ ಕಾರ್ಡು ಈಗಲೂ ಉಂಟು.” ವಸಂತಕುಮಾರ ಗಲ್ಲಾದ ಮೇಲಿನ ಗೋಡೆ ತೋರಿಸಿದ. ಊದಿನಕಡ್ಡಿಯ ಹಿಂದೆ ಅದೇ ಆನೆ, ಅದೇ ಮೊಸಳೆ. “ಅಮ್ಮನ ಪೆಟ್ಟಿಗೆಯಲ್ಲಿ ಇನ್ನೂ ಎರಡುಂಟು, ಹೊಸದರ ಹಾಗೆ. ದೇವರ ಚಿತ್ರ ಬಿಸಾಡ್ಲಿಕ್ಕೆ ಆಗ್ತದಾ?”

ಸಂಕರ್ಷಣ ಚಹಾದ ಲೋಟ ಕೆಳಗಿಟ್ಟ.

“ನಮ್ಮನ್ಯಾಗೂ ಅದ,” ಎಂದು ಮೂಲೆಯ ಮೇಜಿನಿಂದ ಚಂದ್ರಬಾಯಿ ಹೇಳಿದಳು. ವಿಜಯಪುರದ ಕಡೆಯ ಮುದುಕಿ, ಎರಡನೇ ಮಹಡಿಯವಳು. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು. “ಎಲ್ಲಾರ ಮನ್ಯಾಗೂ ಇರಬೇಕ ನೋಡು. ಎಲ್ಲಾರೂ ಒಂದs ಅಂಗಡಿ ಗಿರಾಕಿ. ಅಲ್ಲಾ, ಇದ್ದಕ್ಕಿದ್ದಂಗ ಅದನ್ಯಾಕ ಕೇಳಿದಿ ಸಂಕರ್ಷಣಾ?”

ಹಿತೇಶನ ‘ಖತಂ’ ಅವನ ಕಿವಿಯಲ್ಲಿ ಗಂಟೆಯಂತೆ ಮೊಳಗಿತು. ಬೇರೆ ಊರಿನ ಮಕ್ಕಳು ಹರಿದು ಹಾಕಿದ್ದನ್ನು ಈ ಕಟ್ಟಡದ ಭಕ್ತರು ಕಣ್ಣಿಗೊತ್ತಿ ಕಾಪಾಡಿದ್ದರು. ನಾಳೆ ಒಬ್ಬರ ಕಿವಿಗೆ ಬೆಲೆ ಬಿದ್ದರೆ ಎಲ್ಲರೂ ಉಲ್ಹಾಸನಗರದ ಗಾಡಿ ಹತ್ತುತ್ತಾರೆ. ಚಂದ್ರಬಾಯಿ ಉತ್ತರಕ್ಕೆ ಕಾಯುತ್ತಿದ್ದಳು.

“ಏನಿಲ್ಲ ಕಾಕು,” ಎಂದ ಸಂಕರ್ಷಣ. ಮುಂದಿನ ಮಾತು ಯಾರೋ ಪ್ರೇರೇಪಿಸಿದಂತೆ ಹೊರಬಂತು. “ಚಹಾದ ಜೋಡಿ ಪುಕ್ಕಟೆ ಬಂದ ದೇವರನ್ನ ಮನ್ಯಾಗ ಇಟ್ಕೋಬಾರದಂತ. ಪೂಜಾನೂ ಅಲ್ಲ, ವ್ಯಾಪಾರಾನೂ ಅಲ್ಲ. ದೋಷ. ಮರ್ಯಾದಿಂದ ನೀರಿಗೆ ಬಿಡಬೇಕು.”

ಪ್ರತಿ ಭಾನುವಾರ ಸಂಜೆ ಕಟ್ಟಡದ ಹಾಲಿನಲ್ಲಿ ರಾಗವಾಗಿ ಪುರಾಣ ಓದುವವನು ಅವನೇ. ಅವನ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕಿರಲಿಲ್ಲ. ಚಂದ್ರಬಾಯಿ ಹಣೆ ಮುಟ್ಟಿಕೊಂಡಳು.

“ಅದಕ್ಕs ನನ್ನ ಸೊಂಟ ಹಿಡದದ ನೋಡು,” ಎಂದು ಎದ್ದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಚಹಾದ ದೇವರಿಗೆ ದೋಷವಿದ್ದರೆ ಬ್ಯಾಂಕಿನ ಕ್ಯಾಲೆಂಡರಿನ ದೇವರೂ ಪುಕ್ಕಟೆಯೇ ಅಲ್ಲವೇ ಎಂದು ಯಾರೋ ಕೇಳಿದರು. ಊದಿನಕಡ್ಡಿ ಪೊಟ್ಟಣದ ವೆಂಕಟರಮಣ? ಲಗ್ನಪತ್ರಿಕೆಯ ಗಣಪತಿ? ಬಿಸಾಡಲಾರದೆ ವರ್ಷಗಟ್ಟಲೆ ಅಟ್ಟದಲ್ಲಿ ಕೂತಿದ್ದ ದೇವರೆಲ್ಲ ಒಬ್ಬೊಬ್ಬರಾಗಿ ಇಳಿದುಬಂದರು. ಸಂಕರ್ಷಣನ ಬಾಗಿಲಲ್ಲಿ ಗೋಣಿಚೀಲಗಳ ಸಾಲೇ ನಿಂತಿತು. ಎಷ್ಟೋ ಲಗ್ನಪತ್ರಿಕೆಗಳ ವಧೂವರರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿರಬೇಕು.

ವಸಂತಕುಮಾರ ಗೋಡೆಯ ಕಾರ್ಡನ್ನೂ ಅಮ್ಮನ ಪೆಟ್ಟಿಗೆಯವನ್ನೂ ತಂದುಕೊಟ್ಟ. “ಹೋದ ತಿಂಗಳಿಂದ ವ್ಯಾಪಾರ ಡಲ್ ಮಾರಾಯ್ರೆ. ಕಾರಣ ಈಗ ಗೊತ್ತಾಯ್ತು.”

ಸಂಕರ್ಷಣನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಮೊಣಕಾಲು ಕಿರುಗುಟ್ಟಿತು, ನಾಚಿಕೆ ಸುಮ್ಮನಾಯಿತು.

“ನಾನೂ ಬರ್ತೀನಿ,” ಎಂದು ಚೀಲಗಳನ್ನು ನೀರಿಗೆ ಒಯ್ಯಲು ಕರೆಸಿದ ರಿಕ್ಷಾದಲ್ಲಿ ಚಂದ್ರಬಾಯಿ ಮೊದಲೇ ಕೂತಳು. ಜಯಲತಾ ಕೊನೆಯ ಚೀಲದ ಬಾಯಿ ಕಟ್ಟಿ ಗಂಡನ ತೊಡೆಯ ಮೇಲಿಟ್ಟಳು. ಅವಳ ಮುಖದಲ್ಲಿ ಮದುವೆಯ ನಂತರ ಅವನು ಕಾಣದ ಒಂದು ಗೌರವವಿತ್ತು.

ಸಮುದ್ರದ ಹಿನ್ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ ಪಾಲಿಕೆಯ ಕಾವಲಿನವನು ನೀರಿಗೆ ಏನೂ ಎಸೆಯಬಾರದೆಂದು ತಡೆದು, ವಿಸರ್ಜನೆಗೆಂದೇ ಕಟ್ಟಿದ ನೀರಿನ ತೊಟ್ಟಿ ತೋರಿಸಿದ. ಸಂಕರ್ಷಣ ಒಂದೊಂದೇ ಚೀಲ ಹೊತ್ತು ತಂದು ಸುರಿದ. ಮೊಣಕಾಲಿಗೆ ಮೊಸಳೆ ಇನ್ನೂ ಬಿಗಿಯಾಗಿ ಬಾಯಿ ಹಾಕಿತು.

“ಹಂಗs ಸುರೀಬ್ಯಾಡೋ, ಏನರೆ ಹೇಳು,” ಎಂದಳು ಚಂದ್ರಬಾಯಿ. ಅವನು ಏದುಸಿರಿನಲ್ಲೇ ಗಜೇಂದ್ರನ ಮೊರೆಯನ್ನು ರಾಗವಾಗಿ ಹೇಳಿದ. ಆನೆಯನ್ನು ನೀರಿನಿಂದ ಪಾರುಮಾಡಿದ ದೇವರನ್ನೇ ನೀರಿಗೆ ನೂಕುತ್ತಾ ಹಾಗೆ ಹಾಡುವುದು ಅವನಿಗೂ ವಿಚಿತ್ರವೆನಿಸಿತು.

ಕಾರ್ಡುಗಳು ಮುಳುಗಲಿಲ್ಲ. “ತೇಲ್ಲಿಕ್ಕತ್ತಾವ ನೋಡು, ಒತ್ತು,” ಎಂದು ಅವಳು ಕೋಲು ಕೊಟ್ಟಳು. ಅವನು ತೋಳು ಒದ್ದೆಯಾಗುವವರೆಗೆ ಒತ್ತಿದ. ಹೆಚ್ಚಿನವು ಅರಿಸಿನ ಕುಂಕುಮ ಮೆತ್ತಿದಂಥವು, ಮೂಲೆ ಮಡಿಚಿದಂಥವು. ಕೊನೆಗೆ ಒಂದು ಮಾತ್ರ ಮೇಲೆ ತೇಲಿಬಂತು. ನಾಲ್ಕೂ ಮೂಲೆ ಚೂಪು, ಅಂಚು ಸಮ. ವಸಂತಕುಮಾರನ ಅಮ್ಮ ಎಷ್ಟು ಜೋಪಾನದ ಹೆಂಗಸು ಎಂದು ಅವನಿಗೆ ಮೆಚ್ಚುಗೆಯಾಯಿತು. ಅದನ್ನೂ ತಳ ಮುಟ್ಟಿಸಿದ. ಕಾಗದ ಉಬ್ಬಿ, ಬಣ್ಣ ಬಿಟ್ಟು, ಆನೆ ಯಾವುದು ಮೊಸಳೆ ಯಾವುದು ತಿಳಿಯದಾಯಿತು.

ಮನೆಗೆ ಬಂದು ಕಾಲು ಚಾಚಿದವನೇ ಹಿತೇಶನಿಗೆ ಫೋನು ಹಚ್ಚಿದ.

“ತಮ್ಮಾ, ನಮ್ಮ ಕಡೆ ಇನ್ನೂ ಒಂದಿಷ್ಟು ಇದ್ದೂ. ಎಲ್ಲಾ ನೀರುಪಾಲಾದೂ. ಈಗ ಒಂದs ಒಂದು ಉಳದದ.”

“ಪಕ್ಕಾ? ಹಾಗಿದ್ದರೆ ಹದಿನೆಂಟು ಬಿಡಿ ಅಂಕಲ್, ಮೂವತ್ತು ಕೊಡ್ತೀನಿ. ಫೋಟೋ ಕಳಿಸಿ.”

ಸಂಕರ್ಷಣ ಫೋನನ್ನು ಕಿವಿಯಿಂದ ಕೀಳದೆ ದೇವರಗೂಡಿಗೆ ಹೋಗಿ ಭಾಗವತ ತೆರೆದ. ಪುಟ ತಿರುವಿದ. ಪುಸ್ತಕವನ್ನು ತಲೆಕೆಳಗು ಮಾಡಿ ಝಾಡಿಸಿದ.

“ಏನು ಹುಡುಕ್ತೀರಿ?” ಜಯಲತಾ ಕೈ ಒರೆಸಿಕೊಳ್ಳುತ್ತಾ ಬಂದಳು. “ಆ ಚಹಾದ ಕಾರ್ಡೇನು? ಕೊನೀ ಚೀಲದಾಗ ನಾನs ಹಾಕೀನಿ. ಊರಿಗೆಲ್ಲಾ ಹೇಳಿದವರ ಮನ್ಯಾಗs ಅದು ಉಳದಿದ್ರ, ನಾಳೆ ಚಂದ್ರಬಾಯಿ ಮುಂದ ನಿಮ್ಮ ಮಾತಿಗೆ ಏನು ಬೆಲಿ ಇರ್ತಿತ್ತು?”

ಸಂಕರ್ಷಣ ದೇವರಗೂಡಿನ ಮುಂದೆ ನೆಲದ ಮೇಲೆ ಕೂತ. ಮೊಣಕಾಲು ಕಿರುಗುಟ್ಟಿದ್ದೂ ಅವನಿಗೆ ಕೇಳಿಸಲಿಲ್ಲ.

“ಹಲೋ, ಅಂಕಲ್?” ಫೋನಿನಲ್ಲಿ ಹಿತೇಶ್ ಇನ್ನೂ ಇದ್ದ. ಈ ಮೌನವನ್ನು ಅವನು ಚೌಕಾಶಿಯೆಂದೇ ತಿಳಿದಿರಬೇಕು. “ಸರಿ, ನಲವತ್ತು ಮಾಡೋಣ. ಅದಕ್ಕಿಂತ ಮೇಲೆ ಆಗಲ್ಲ. ಕಂಡೀಶನ್ ಮಾತ್ರ ಹೇಳಿ. ಮೂಲೆ ಚೂಪಿವೆ ತಾನೇ?”

ಸಂಕರ್ಷಣ ತನ್ನ ಒದ್ದೆ ತೋಳನ್ನೇ ನೋಡುತ್ತಾ ಕೂತಿದ್ದ.

“ಭಾಳ ಚೂಪಿದ್ದೂ ತಮ್ಮಾ,” ಎಂದ. “ನಾನs ಕಣ್ಣಾರೆ ನೋಡೀನಿ.”